ಗ್ರೇಡಲ್ 6ರಿಂದ ನೇರ 8ಕ್ಕೆ ಹಾರಿದ್ರೆ ಯಾಕೆ ಎಲ್ಲಾ ಒಡೆಯುತ್ತೆ?

ಪ್ರಶ್ನೆ: ನಮ್ಮದು ಹಳೇ ಆಂಡ್ರಾಯ್ಡ್ ಆಪ್. ಏಳು ಮಾಡ್ಯೂಲ್, ಅರ್ಧ ಜಾವಾ ಅರ್ಧ ಕೋಟ್ಲಿನ್. ಕೋಡಿಂದ ಆಪ್ ಕಟ್ಟೋ ಟೂಲ್ ಗ್ರೇಡಲ್ 6.7.1, ಅದಕ್ಕೆ ಆಂಡ್ರಾಯ್ಡ್ ಆಪ್ ಕಟ್ಟೋದು ಕಲಿಸೋ ಆಂಡ್ರಾಯ್ಡ್ ಪ್ಲಗಿನ್ 4.2. ಮೊದಲು ಬರೆದವ್ರು ಯಾರೂ ಈಗ ಟೀಮಲ್ಲಿಲ್ಲ. ಪ್ಲೇ ಸ್ಟೋರ್‌ಗೆ ಟಾರ್ಗೆಟ್ 35 (ಅಂದ್ರೆ ಆಂಡ್ರಾಯ್ಡ್ 15) ಬೇಕೇ ಬೇಕು ಅಂತ ಗ್ರೇಡಲ್ 8.7, ಪ್ಲಗಿನ್ 8.6 ಹಾಕಿದೆ. ಒಂದು ಎರರ್ ಸರಿ ಮಾಡಿದ್ರೆ ಇನ್ನೊಂದು ಬರುತ್ತೆ, ಮೂರು ದಿನ ಗುದ್ದಾಡಿ ಕೊನೆಗೆ ಎಲ್ಲಾ ರಿವರ್ಟ್ ಮಾಡ್ದೆ. ಹೊಸ ಖಾಲಿ ಪ್ರಾಜೆಕ್ಟ್ ಮಾಡಿ ಕೋಡೆಲ್ಲಾ ಅದಕ್ಕೆ ಕಾಪಿ ಮಾಡೋದೇ ವಾಸಿ ಅನ್ಸ್ತಿದೆ. ಏನ್ ಮಾಡ್ಲಿ ಸರ್?

ಉತ್ತರ: ಹೊಸ ಪ್ರಾಜೆಕ್ಟ್ ಬೇಡ, ಮೊದಲು ಆ ಯೋಚನೆ ಬಿಡಿ. ಏಳು ಮಾಡ್ಯೂಲ್ ಅಂದ್ರೆ ಏಳು ಬಿಲ್ಡ್ ಫೈಲು, ಅದ್ರೊಳಗೆ ಯಾರೋ ಯಾವತ್ತೋ ಯಾವುದೋ ಬಗ್ ಬಂತು ಅಂತ ಹಾಕಿರೋ ಎಕ್ಸ್‌ಕ್ಲೂಡ್ ಸಾಲುಗಳು, ಸೈನಿಂಗ್ ಸೆಟಪ್ಪು, ಫ್ಲೇವರ್‌ಗಳು, ಕೋಡ್ ಕಿರಿದು ಮಾಡುವಾಗ ಏನು ಉಳಿಸ್ಬೇಕು ಅನ್ನೋ ಪ್ರೊಗಾರ್ಡ್ ರೂಲ್ಸು ಎಲ್ಲಾ ಇರುತ್ತೆ, ಬರೆದವ್ರೂ ಇಲ್ಲ ಅಂತೀರ, ಕಾಪಿ ಹೊಡೆಯುವಾಗ ಇದ್ರಲ್ಲಿ ಒಂದೆರಡು ಬಿಟ್ಟೇ ಹೋಗುತ್ತೆ, ಬಿಟ್ಟೋಯ್ತು ಅಂತ ಗೊತ್ತಾಗೋದು ಯೂಸರ್ ಫೋನಲ್ಲಿ ಆಪ್ ಬಿದ್ಮೇಲೆ. ಗಿಟ್ ಹಿಸ್ಟರಿನೂ ಹೋಯ್ತು. ಅಷ್ಟೆಲ್ಲಾ ಮಾಡಿದ್ಮೇಲೂ ಕೋಡಲ್ಲಿ ಬರೋ ಎರರ್‌ಗಳು ಇದೇ ಎರರ್‌ಗಳು, ಅವೇನೂ ಕಮ್ಮಿ ಆಗಲ್ಲ.

ನೀವು ಮಾಡಿದ ತಪ್ಪು ಒಂದೇ, ಮಧ್ಯದ ಮೆಟ್ಟಿಲು ತುಳೀದೇ ಹಾರಿದ್ದು. ಗ್ರೇಡಲ್‌ನವ್ರದ್ದು ಒಂದು ಪದ್ಧತಿ ಇದೆ. ಯಾವುದಾದ್ರೂ ಹಳೇ ಫೀಚರ್ ತೆಗೀಬೇಕು ಅಂದ್ರೆ ಮೊದಲು ಒಂದು ಮೇಜರ್ ವರ್ಷನ್ (ಚುಕ್ಕೆಗೆ ಮುಂಚಿನ ನಂಬರ್) ಒಳಗಿನ ಯಾವುದೋ ಮೈನರ್ ರಿಲೀಸಲ್ಲಿ 'ಇದು ಹಳೇದಾಯ್ತು, ಇದ್ರ ಬದ್ಲು ಇದನ್ನ ಬಳಸಿ' ಅಂತ ವಾರ್ನಿಂಗ್ ಕೊಡ್ತಾರೆ, ಕೆಲಸ ಮಾತ್ರ ನಡೀತಿರುತ್ತೆ, ಕಿತ್ತು ಹಾಕೋದು ಮುಂದಿನ ಮೇಜರಲ್ಲಿ. ಅಂದ್ರೆ 7.6ರಲ್ಲಿ ವಾರ್ನಿಂಗ್ ಆಗಿ ಬರೋದೇ 8.0ರಲ್ಲಿ ಎರರ್ ಆಗಿ ಬರೋದು. ವಾರ್ನಿಂಗಲ್ಲಾದ್ರೆ ಏನ್ ಮಾಡ್ಬೇಕು ಅಂತ ಬರೆದಿರುತ್ತೆ, ಎರಡು ಮೇಜರ್ ದಾಟಿದ್ಮೇಲೆ ಬರೋ ಎರರಲ್ಲಿ 'ಕಂಪೈಲ್ ಅನ್ನೋ ಮೆಥಡ್ ಸಿಗ್ಲಿಲ್ಲ' ಅಂತ ಅಷ್ಟೇ ಇರುತ್ತೆ, ಯಾಕಂದ್ರೆ ಆ ಹೆಸರಿನ ವಸ್ತು ಒಂದಿತ್ತು ಅನ್ನೋದೇ ಅದಕ್ಕೆ ಮರ್ತೋಗಿರುತ್ತೆ. ನೀವು 6ರಿಂದ 8ಕ್ಕೆ ಹಾರಿದಾಗ 7ರ ವಾರ್ನಿಂಗ್ ಒಂದೂ ನೋಡ್ಲಿಲ್ಲ. ಮೂರು ದಿನ ಹೋಗಿದ್ದು ಅಲ್ಲೇ.

ಇನ್ನೊಂದು ಮಾತು, ಕೇಳೋಕೆ ಸ್ವಲ್ಪ ಬೇಜಾರಾಗ್ಬಹುದು. ನಿಮಗೆ ಬಂದ ಎರರಲ್ಲಿ ಸುಮಾರು ಹೊಸ ಗ್ರೇಡಲ್ ಹುಟ್ಟಿಸಿದ್ದಲ್ಲ, ನಿಮ್ಮ ಬಿಲ್ಡ್ ಫೈಲಲ್ಲಿ ಮೊದ್ಲಿಂದ ಇದ್ದ ತಪ್ಪುಗಳು, ಹಳೇದು ಸುಮ್ನೆ ಸಹಿಸ್ಕೊಂಡಿತ್ತು. ಇದನ್ನ ತಲೇಲಿಟ್ಕೊಂಡು ಕೂತ್ರೆ ಕೆಲ್ಸ ಸಲೀಸು, ಯಾಕಂದ್ರೆ ಎರರ್ ಬಾಯಿ ಮುಚ್ಚಿಸೋ ಫ್ಲ್ಯಾಗ್ ಹುಡುಕೋಕೆ ಹೋಗಲ್ಲ ನೀವು, ತಪ್ಪೆಲ್ಲಿದೆ ಅಂತ ಹುಡುಕ್ತೀರ.

ಈಗ ವರ್ಷನ್‌ಗಳ ಗಂಟು ಬಿಡಿಸೋಣ. ಇಲ್ಲಿರೋದು ಒಂದು ವರ್ಷನ್ ಅಲ್ಲ, ನಾಲ್ಕು. ಗ್ರೇಡಲ್ ಒಂದು, ಆಂಡ್ರಾಯ್ಡ್ ಪ್ಲಗಿನ್ ಅಂದ್ರೆ ಎಜಿಪಿ ಇನ್ನೊಂದು, ಇವೆರಡನ್ನೂ ಓಡಿಸೋ ಜೆಡಿಕೆ, ಅಂದ್ರೆ ಜಾವಾ ಕಿಟ್, ಮೂರನೇದು, ಕೋಟ್ಲಿನ್ ಪ್ಲಗಿನ್ ನಾಲ್ಕನೇದು. ಕಂಪೈಲ್ ಎಸ್‌ಡಿಕೆ (ಕೋಡ್ ಯಾವ ಆಂಡ್ರಾಯ್ಡ್ ವರ್ಷನ್ ಜೊತೆ ಕಂಪೈಲ್ ಆಗುತ್ತೋ ಅದು) 35 ಬೇಕು ಅಂದ್ರೆ ಎಜಿಪಿ ಕನಿಷ್ಠ 8.6 ಇರ್ಬೇಕು, 8.6ಕ್ಕೆ ಗ್ರೇಡಲ್ ಕನಿಷ್ಠ 8.7 ಬೇಕು, ಎಜಿಪಿ 8 ಶುರುವಾದಾಗಿಂದ ಜೆಡಿಕೆ 17 ಬೇಕು. ಇಷ್ಟರ ಮಟ್ಟಿಗೆ ನೀವು ಆರಿಸಿದ ಜೋಡಿ ಸರಿಯಾಗೇ ಇದೆ, ಗುರಿ ತಪ್ಪಿಲ್ಲ, ದಾರಿ ತಪ್ಪಿದೆ. ಎಜಿಪಿ 4.2 ಆದ್ಮೇಲೆ ನೇರ 7.0 ಯಾಕೆ ಬಂತು, 5 ಮತ್ತೆ 6 ಎಲ್ಲೋದ್ವು ಅಂತ ತುಂಬಾ ಜನ ಕೇಳ್ತಾರೆ, ಆ ನಂಬರ್‌ಗಳು ಇಲ್ಲವೇ ಇಲ್ಲ, ಗ್ರೇಡಲ್ ಮೇಜರ್ ನಂಬರ್‌ಗೆ ಹೊಂದ್ಲಿ ಅಂತ ಹಾರಿಸಿದ್ರು ಅಷ್ಟೇ. ಹಾಗಾಗಿ ಎಜಿಪಿ ಲೆಕ್ಕದಲ್ಲಿ ನಿಮಗೆ ಮಧ್ಯ ಇರೋದು ಒಂದೇ ಮೆಟ್ಟಿಲು.

ಜೆಡಿಕೆ ವಿಷಯದಲ್ಲಿ ಸಿಕ್ಕಾಕ್ಕೊಳೋರೇ ಜಾಸ್ತಿ. 'ಅನ್‌ಸಪೋರ್ಟೆಡ್ ಕ್ಲಾಸ್ ಫೈಲ್ ಮೇಜರ್ ವರ್ಷನ್ 61' ಅಂತ ಬಂದಿರ್ಬೇಕು ನಿಮಗೆ ಒಂದ್ಸಲವಾದ್ರೂ. 61 ಅಂದ್ರೆ ಜಾವಾ 17. ಲೆಕ್ಕ ಸುಲಭ, ಆ ನಂಬರಲ್ಲಿ 44 ಕಳೆದ್ರೆ ಜಾವಾ ವರ್ಷನ್ ಸಿಗುತ್ತೆ, 52 ಅಂದ್ರೆ 8, 55 ಅಂದ್ರೆ 11, 65 ಅಂದ್ರೆ 21. ಈ ಎರರ್ ಬಂದಾಗ ನಿಮ್ಮ ಕೋಡ್ ಮುಟ್ಬೇಡಿ, ಕೋಡಿಗೂ ಇದಕ್ಕೂ ಸಂಬಂಧನೇ ಇಲ್ಲ, ಹಳೇ ಗ್ರೇಡಲ್ಲನ್ನ ಹೊಸ ಜಾವಾ ಮೇಲೆ ಓಡಿಸ್ತಿದೀರ ಅಂತ ಅರ್ಥ. ಜಾವಾ 17 ಮೇಲೆ ಓಡೋಕೆ ಗ್ರೇಡಲ್ 7.3 ಆದ್ರೂ ಬೇಕು, 21 ಮೇಲೆ ಓಡೋಕೆ 8.5 ಬೇಕು. ಇಲ್ಲೇ ಇನ್ನೊಂದು ಬಲೆ ಇದೆ ನೋಡಿ, ಆಪ್ ಬರೆಯೋ ಎಡಿಟರ್ ಆಂಡ್ರಾಯ್ಡ್ ಸ್ಟುಡಿಯೋ ತನ್ನ ಜೊತೆಗೇ ಒಂದು ಜೆಡಿಕೆ ತರುತ್ತೆ, ಫ್ಲೆಮಿಂಗೋ ಅನ್ನೋ ಸ್ಟುಡಿಯೋ ವರ್ಷನ್ ಬಂದಾಗ ಅದು 17 ಆಯ್ತು, ಲೇಡಿಬಗ್ ಬಂದಾಗ 21 ಆಯ್ತು. ನೀವು ಸ್ಟುಡಿಯೋ ಅಪ್‌ಡೇಟ್ ಮಾಡಿ ಹಳೇ ಪ್ರಾಜೆಕ್ಟ್ ತೆಗೆದ್ರೆ, ಪ್ರಾಜೆಕ್ಟಲ್ಲಿ ಒಂದಕ್ಷರ ಬದಲಾಗದಿದ್ರೂ ಸಿಂಕ್ ಬೀಳ್ಬಹುದು. ಟರ್ಮಿನಲ್ಲಲ್ಲಿ ಓಡಿಸಿದ್ರೆ ಸಿಸ್ಟಮ್ ಜಾವಾ ಹೋಮ್ ತಗೊಳುತ್ತೆ, ಸ್ಟುಡಿಯೋ ಒಳಗೆ ಓಡಿಸಿದ್ರೆ ಅದ್ರದ್ದೇ ತಗೊಳುತ್ತೆ, ಬಿಲ್ಡ್ ಸರ್ವರಲ್ಲಿ ಮೂರನೇದು. 'ನನ್ನ ಮಶೀನಲ್ಲಿ ಓಡುತ್ತೆ, ಸರ್ವರಲ್ಲಿ ಓಡಲ್ಲ' ಅನ್ನೋ ಗೋಳಲ್ಲಿ ಬಹಳಷ್ಟು ಇದೇನೇ. ಕೆಲಸ ಶುರು ಮಾಡೋ ಮೊದಲು ಮೂರೂ ಕಡೆ ಗ್ರೇಡಲ್ ವರ್ಷನ್ ಕಮಾಂಡ್ ಓಡಿಸಿ ಯಾವ ಜೆವಿಎಮ್ (ಜಾವಾ ಓಡಿಸೋ ಎಂಜಿನ್) ತೋರಿಸ್ತಿದೆ ಅಂತ ಒಂದು ಕಾಗದದಲ್ಲಿ ಬರೆದಿಟ್ಕೊಳಿ.

ಓಡಿಸೋ ಜಾವಾ ಬೇರೆ, ನಿಮ್ಮ ಕೋಡ್ ಯಾವ ಜಾವಾಗೆ ಕಂಪೈಲ್ ಆಗ್ಬೇಕು ಅನ್ನೋದು ಬೇರೆ. ಜೆಡಿಕೆ 17ರಲ್ಲಿ ಗ್ರೇಡಲ್ ಓಡಿಸ್ಕೊಂಡು ಆಪನ್ನ ಜಾವಾ 8 ಲೆವೆಲ್ಲಿಗೆ ಕಂಪೈಲ್ ಮಾಡ್ಬಹುದು, ತೊಂದರೆ ಏನಿಲ್ಲ. ಇದೆರಡನ್ನ ಒಂದೇ ಅಂದ್ಕೊಂಡು ಎಲ್ಲಾ ಕಡೆ 17 ಅಂತ ಬದಲಾಯಿಸ್ಬಿಡ್ತಾರೆ, ಆಮೇಲೆ ಪೇಚಾಡ್ತಾರೆ.

ಸರಿ, ದಾರಿ. ನಾನಾಗಿದ್ರೆ ಹೀಗೆ ಹೋಗ್ತಿದ್ದೆ: ಎಜಿಪಿ 4.2 ಹಾಗೇ ಇಟ್ಕೊಂಡು ಗ್ರೇಡಲ್ 6.9, ಜೆಡಿಕೆ 11. ಅಲ್ಲಿ ವಾರ್ನಿಂಗೆಲ್ಲಾ ಕ್ಲೀನ್. ಆಮೇಲೆ ಗ್ರೇಡಲ್ 7.6 ಜೊತೆ ಎಜಿಪಿ 7.4, ಮತ್ತೆ ಕ್ಲೀನ್, ಅಲ್ಲಿರುವಾಗಲೇ ಜೆಡಿಕೆ 17ಕ್ಕೆ ಹೋಗಿ, ಯಾಕಂದ್ರೆ 7.6 ಜೆಡಿಕೆ 11, 17 ಎರಡರ ಮೇಲೂ ಓಡುತ್ತೆ, ಜಾವಾ ಬದಲಾವಣೆಯಿಂದ ಏನಾದ್ರೂ ಒಡೆದ್ರೆ ಅದೊಂದೇ ಕಾರಣ ಅಂತ ಗೊತ್ತಾಗುತ್ತೆ. ಕೊನೆಗೆ ಗ್ರೇಡಲ್ 8.7 ಮತ್ತೆ ಎಜಿಪಿ 8.6. ಒಂದೊಂದು ಹೆಜ್ಜೆಗೂ ಒಂದೊಂದು ಕಮಿಟ್. ಎರಡು ಬದಲಾವಣೆ ಒಂದೇ ಕಮಿಟಲ್ಲಿ ಹಾಕ್ಬೇಡಿ, ಎಷ್ಟೇ ಸಣ್ಣದಾದ್ರೂ. ಮುಖ್ಯವಾಗಿ ಟಾರ್ಗೆಟ್ ಎಸ್‌ಡಿಕೆ ನಂಬರನ್ನ ಈ ಇಡೀ ಕೆಲಸ ಮುಗಿಯೋವರೆಗೂ ಮುಟ್ಲೇಬೇಡಿ. ಟಾರ್ಗೆಟ್ 35 ಮಾಡಿದ ಕೂಡ್ಲೇ ಆಂಡ್ರಾಯ್ಡ್ 15 ಫೋನಲ್ಲಿ ಸ್ಕ್ರೀನ್ ಅಂಚಿನವರೆಗೂ ಹರಡ್ಕೊಳುತ್ತೆ, ನಿಮ್ಮ ಟೂಲ್‌ಬಾರ್ ಸ್ಟೇಟಸ್ ಬಾರ್ ಕೆಳಗೆ ನುಗ್ಗುತ್ತೆ, ಆಗ ಇದು ಬಿಲ್ಡ್ ಟೂಲ್ ಮಾಡಿದ್ದೋ ಟಾರ್ಗೆಟ್ ಮಾಡಿದ್ದೋ ಅಂತ ತಲೆ ಕೆಡಿಸ್ಕೊಂಡು ಕೂರ್ಬೇಕಾಗುತ್ತೆ. ಅದು ಬೇರೆ ದಿನದ ಬೇರೆ ಕೆಲಸ.

ಗ್ರೇಡಲ್ ವರ್ಷನ್ ಬದಲಾಯಿಸೋಕೆ, ಸರಿಯಾದ ಗ್ರೇಡಲ್ ತಾನೇ ತಂದು ಓಡಿಸೋ ರ್‍ಯಾಪರ್ ಪ್ರಾಪರ್ಟೀಸ್ ಫೈಲಲ್ಲಿರೋ ಡಿಸ್ಟ್ರಿಬ್ಯೂಶನ್ ಯುಆರ್‌ಎಲ್ ಕೈಯಲ್ಲೇ ತಿದ್ದೋರೇ ಜಾಸ್ತಿ, ಅದು ನಡೆಯುತ್ತೆ, ಆದ್ರೆ ರ್‍ಯಾಪರ್‌ನ ಜಾರ್ ಮತ್ತೆ ಸ್ಕ್ರಿಪ್ಟ್ ಹಳೇದೇ ಉಳ್ಕೊಳುತ್ತೆ. ರ್‍ಯಾಪರ್ ಟಾಸ್ಕನ್ನ ಹೊಸ ವರ್ಷನ್ ಹೆಸರು ಕೊಟ್ಟು ಎರಡ್ಸಲ ಓಡಿಸಿ, ಮೊದಲನೇ ಸಲ ಹಳೇ ಗ್ರೇಡಲ್ಲೇ ಓಡಿ ಯುಆರ್‌ಎಲ್ ಬದಲಾಯಿಸುತ್ತೆ, ಎರಡನೇ ಸಲ ಹೊಸ ಗ್ರೇಡಲ್ ಓಡಿ ಜಾರ್ ಬದಲಾಯಿಸುತ್ತೆ. ಅದೇ ಫೈಲಲ್ಲಿ ಯಾರಾದ್ರೂ ಫೈಲ್ ಸರಿಯಾಗಿದೆಯಾ ಅಂತ ನೋಡೋ ಶಾ 256 ಚೆಕ್‌ಸಮ್ ಹಾಕಿಟ್ಟಿದ್ರೆ ಯುಆರ್‌ಎಲ್ ಮಾತ್ರ ಬದಲಾಯಿಸಿದ್ರೆ ಡೌನ್‌ಲೋಡ್ ಆದ್ಮೇಲೆ ಹೊಂದ್ಲಿಲ್ಲ ಅಂತ ನಿಲ್ಲುತ್ತೆ, ಚೆಕ್‌ಸಮ್ಮೂ ಹೊಸದು ಹಾಕ್ಬೇಕು.

ವಾರ್ನಿಂಗ್ ನೋಡೋದು ಹೇಗೆ ಅಂದ್ರೆ, ಸುಮ್ನೆ ಬಿಲ್ಡ್ ಓಡಿಸಿದ್ರೆ ಕೊನೇಲಿ 'ಹಳೇ ಫೀಚರ್ ಬಳಸಿದೀರ, ಮುಂದಿನ ಮೇಜರ್‌ಗೆ ಹೊಂದಲ್ಲ' ಅಂತ ಒಂದೇ ಸಾಲು ಬರುತ್ತೆ, ಎಲ್ರೂ ಅದನ್ನ ವರ್ಷಗಟ್ಲೆ ನೋಡಿಯೂ ನೋಡ್ದಂಗೆ ಇದ್ಬಿಡ್ತಾರೆ. ವಾರ್ನಿಂಗ್ ಮೋಡ್ ಆಪ್ಶನ್ನಿಗೆ ಆಲ್ ಅಂತ ಕೊಟ್ಟು ಓಡಿಸಿ, ಒಂದೊಂದೂ ಎಲ್ಲಿಂದ ಬಂತು ಅಂತ ಹೇಳುತ್ತೆ. ಮೊದಲು ಹೆಲ್ಪ್ ಟಾಸ್ಕ್ ಜೊತೆ ಓಡಿಸಿ, ಏನೂ ಕಂಪೈಲ್ ಮಾಡ್ದೆ ಬರೀ ಬಿಲ್ಡ್ ಫೈಲುಗಳನ್ನ ಓದೋದ್ರಿಂದ ಬೇಗ ಮುಗಿಯುತ್ತೆ, ಅದು ಕ್ಲೀನ್ ಆದ್ಮೇಲೆ ಪೂರ್ತಿ ಅಸೆಂಬಲ್ ಮತ್ತೆ ಟೆಸ್ಟ್. ವಾರ್ನಿಂಗ್ ನಿಮ್ಮ ಫೈಲಿಂದ ಬಂದಿದ್ರೆ ತಿದ್ದಿ, ಯಾವುದೋ ಪ್ಲಗಿನ್ ಒಳಗಿಂದ ಬಂದಿದ್ರೆ ಆ ಪ್ಲಗಿನ್‌ನ ವರ್ಷನ್ ಏರಿಸ್ಬೇಕು, ಬೇರೆ ಏನೂ ಮಾಡಕ್ಕಾಗಲ್ಲ.

6ರಿಂದ 7ಕ್ಕೆ ಹೋಗುವಾಗ ಸಿಗೋದ್ರಲ್ಲಿ ದೊಡ್ಡದು ಡಿಪೆಂಡೆನ್ಸಿ ಹೆಸರುಗಳು, ಅಂದ್ರೆ ಬೇರೆ ಲೈಬ್ರರಿ ಸೇರಿಸೋ ಸಾಲಿನ ಮೊದಲ ಪದಗಳು. ಕಂಪೈಲ್, ರನ್‌ಟೈಮ್, ಟೆಸ್ಟ್ ಕಂಪೈಲ್ ಮೂರನ್ನೂ ಗ್ರೇಡಲ್ 7.0 ತೆಗೆದುಹಾಕ್ತು. ಇದರ ಬದಲಿ ಬಂದು 2017ರಿಂದಲೇ ಇದೆ, ಹಾಗಾಗಿ ದಿಢೀರ್ ಅಂತ ಕಿತ್ಕೊಂಡ್ರು ಅನ್ನಂಗಿಲ್ಲ. ತುಂಬಾ ಜನ ಏನ್ ಮಾಡ್ತಾರೆ, ಎಡಿಟರಲ್ಲಿ ಕಂಪೈಲ್ ಇದ್ದಲ್ಲೆಲ್ಲಾ ಇಂಪ್ಲಿಮೆಂಟೇಶನ್ ಅಂತ ಫೈಂಡ್ ರೀಪ್ಲೇಸ್ ಹೊಡೀತಾರೆ, ಆಮೇಲೆ ಇನ್ನೊಂದು ಮಾಡ್ಯೂಲಲ್ಲಿ 'ಈ ಕ್ಲಾಸ್ ಸಿಗ್ತಿಲ್ಲ' ಅಂತ ನೂರು ಎರರ್. ಎರಡೂ ಒಂದೇ ಅಲ್ಲ. ಕಂಪೈಲ್ ಅಂದಾಗ ಆ ಲೈಬ್ರರಿ ನಿಮ್ಮ ಮಾಡ್ಯೂಲನ್ನ ಬಳಸೋ ಎಲ್ರಿಗೂ ಕಾಣ್ತಿತ್ತು, ಇಂಪ್ಲಿಮೆಂಟೇಶನ್ ಅಂದ್ರೆ ಒಳಗಿನ ಮನೆ ವಿಷಯ, ಹೊರಗಿನವ್ರಿಗೆ ಕಂಪೈಲ್ ಹೊತ್ತಲ್ಲಿ ಕಾಣಲ್ಲ. ಹಳೇ ಕಂಪೈಲ್‌ಗೆ ಸರಿಸಮ ಆಗೋದು ಎಪಿಐ ಅನ್ನೋ ಹೆಸರು. ಹಾಗಂತ ಎಲ್ಲಾದಕ್ಕೂ ಎಪಿಐ ಹಾಕಿದ್ರೆ ಬಿಲ್ಡ್ ಓಡುತ್ತೆ ಆದ್ರೆ ಒಂದು ಲೈಬ್ರರಿ ಬದಲಾದ್ರೆ ಮೇಲಿನ ಮಾಡ್ಯೂಲೆಲ್ಲಾ ಮತ್ತೆ ಕಂಪೈಲ್ ಆಗ್ತಾ ಕೂರುತ್ತೆ. ನನ್ನ ಪದ್ಧತಿ ಏನಂದ್ರೆ, ಎಲ್ಲಾ ಇಂಪ್ಲಿಮೆಂಟೇಶನ್ ಮಾಡಿ, ಎರರ್ ಬಂದ ಕಡೆ ಒಂದು ಪ್ರಶ್ನೆ ಕೇಳ್ಕೋತೀನಿ: ಈ ಲೈಬ್ರರಿಯ ಟೈಪು ನನ್ನ ಮಾಡ್ಯೂಲ್‌ನ ಪಬ್ಲಿಕ್ ಫಂಕ್ಷನ್ನಿನ ಪ್ಯಾರಾಮೀಟರಲ್ಲೋ ರಿಟರ್ನಲ್ಲೋ ಇದೆಯಾ? ಇದ್ರೆ ಎಪಿಐ. ಇಲ್ಲ ಅಂದ್ರೆ ಎರರ್ ಬಂದ ಮಾಡ್ಯೂಲ್ ಅದನ್ನ ಇಷ್ಟ್ ದಿನ ಕದ್ದು ಬಳಸ್ತಿತ್ತು ಅಂತ ಅರ್ಥ, ಅಲ್ಲೇ ನೇರವಾಗಿ ಡಿಪೆಂಡೆನ್ಸಿ ಹಾಕಿ. ಒಂದು ಅರ್ಧ ದಿನದ ಕೆಲಸ ಇದು, ಬೋರು, ಆದ್ರೆ ಆಮೇಲೆ ಬಿಲ್ಡ್ ವೇಗ ನೋಡಿ ನೀವೇ ಖುಷಿ ಪಡ್ತೀರ. ನಿಮ್ಮ ಮಾಡ್ಯೂಲ್ ಯಾವುದಾದ್ರೂ ಹೊರಗೆ ಪಬ್ಲಿಶ್ ಆಗ್ತಿದ್ರೆ ಇನ್ನೂ ಹುಷಾರು, ಎಪಿಐ ಹಾಕಿದ್ದು ಪಾಮ್ ಅನ್ನೋ ಪಬ್ಲಿಶ್ ಮಾಹಿತಿ ಫೈಲಲ್ಲಿ ಕಂಪೈಲ್ ಸ್ಕೋಪಿಗೆ ಹೋಗುತ್ತೆ, ಇಂಪ್ಲಿಮೆಂಟೇಶನ್ ರನ್‌ಟೈಮ್ ಸ್ಕೋಪಿಗೆ, ಅಂದ್ರೆ ನಿಮ್ಮ ಬದಲಾವಣೆ ನಿಮ್ಮನ್ನ ಬಳಸೋರ ಬಿಲ್ಡನ್ನ ಒಡೆಯುತ್ತೆ. ಲೈಬ್ರರಿ ಪಬ್ಲಿಶ್ ಮಾಡೋ ಹಳೇ ಮೇವನ್ ಪ್ಲಗಿನ್ನೂ 7ರಲ್ಲೇ ಹೋಯ್ತು, ಮೇವನ್ ಪಬ್ಲಿಶ್‌ಗೆ ಬದಲಾಗ್ಬೇಕು.

ಲೈಬ್ರರಿಗಳು ಸಿಗ್ತಿದ್ದ ಸೈಟ್ ಜೆಸೆಂಟರಿನ ಸಾಲು ಇದ್ದೇ ಇರುತ್ತೆ ನಿಮ್ಮ ಫೈಲಲ್ಲಿ, ಆ ಕಾಲದ ಪ್ರಾಜೆಕ್ಟ್ ಅಂದ್ಮೇಲೆ. ಅದನ್ನ ಮುಚ್ತೀವಿ ಅಂತ 2021ರ ಫೆಬ್ರವರೀಲೇ ಜೆಫ್ರಾಗ್‌ನವ್ರು ಹೇಳಿದ್ರು, ಆಮೇಲೆ ಓದೋಕೆ ಮಾತ್ರ ಅಂತ ಇಟ್ಟಿದ್ರು, 2024ರಲ್ಲಿ ಅಲ್ಲಿಗೆ ಹೋದ ರಿಕ್ವೆಸ್ಟೆಲ್ಲಾ ಅಂಥದ್ದೇ ಇನ್ನೊಂದು ಸೈಟ್ ಮೇವನ್ ಸೆಂಟ್ರಲ್‌ಗೆ ತಿರುಗಿಸೋಕೆ ಶುರು ಮಾಡಿದ್ರು. ಅಂದ್ರೆ ಜೆಸೆಂಟರಲ್ಲಿ ಮಾತ್ರ ಇದ್ದು ಸೆಂಟ್ರಲ್‌ಗೆ ಬರದ ಲೈಬ್ರರಿ ಇದ್ರೆ ಅದು ಈಗ ನಿಮ್ಮ ಕ್ಯಾಶಲ್ಲಿ (ಮಶೀನಲ್ಲಿ ಉಳಿದ ಹಳೇ ಡೌನ್‌ಲೋಡಲ್ಲಿ) ಮಾತ್ರ ಬದುಕಿದೆ. ಹಾಗಾಗಿ ಈ ಕೆಲಸ ಮುಗಿಯೋವರೆಗೂ ಹಳೇ ಮಶೀನಿನ ಗ್ರೇಡಲ್ ಕ್ಯಾಶ್ ಫೋಲ್ಡರ್ ಅಳಿಸ್ಬೇಡಿ. 'ಏನೇ ಎರರ್ ಬಂದ್ರೂ ಕ್ಯಾಶ್ ಡಿಲೀಟ್ ಮಾಡಿ' ಅನ್ನೋ ಸಲಹೆ ಎಲ್ಲಾ ಕಡೆ ಸಿಗುತ್ತೆ, ಈ ಒಂದು ಸಂದರ್ಭದಲ್ಲಿ ಅದು ವಿಷ. ಇನ್ನು ಎಚ್‌ಟಿಟಿಪಿ ಅಂತ ಶುರುವಾಗೋ ರೆಪೊಸಿಟರಿ ವಿಳಾಸ ಇದ್ರೆ 7 ಒಪ್ಪಲ್ಲ, ಎಚ್‌ಟಿಟಿಪಿಎಸ್ ಮಾಡಿ. ಇನ್‌ಸೆಕ್ಯೂರ್ ಪ್ರೋಟೋಕಾಲ್ ಒಪ್ಪು ಅನ್ನೋ ಸಾಲು ಹಾಕಿ ದಾಟ್ಬಹುದು, ಮಾಡ್ಬೇಡಿ ಅಂತೀನಿ.

ಈಗ 8ರ ಕಡೆ. ಇಲ್ಲಿ ಸಣ್ಣ ಸಣ್ಣದು ತುಂಬಾ ಇದೆ. ಜಾರ್ ಟಾಸ್ಕಲ್ಲಿ ಕ್ಲಾಸಿಫೈಯರ್ ಅಂತ ಇದ್ದಿದ್ದು ಆರ್ಕೈವ್ ಕ್ಲಾಸಿಫೈಯರ್ ಆಯ್ತು, ಜಾವಾ ಎಕ್ಸೆಕ್ ಟಾಸ್ಕಲ್ಲಿ ಮೇನ್ ಅನ್ನೋದು ಮೇನ್ ಕ್ಲಾಸ್ ಆಯ್ತು, ಟೆಸ್ಟ್ ಎಷ್ಟು ಕೋಡ್ ಮುಟ್ತು ಅಂತ ಹೇಳೋ ಜಕೋಕೋ ರಿಪೋರ್ಟಲ್ಲಿ ಎನೇಬಲ್ಡ್ ಇದ್ದಿದ್ದು ರಿಕ್ವೈರ್ಡ್ ಆಯ್ತು. ಬಿಲ್ಡ್ ಡಿರ್ ಅನ್ನೋದನ್ನ 8.3ರಲ್ಲಿ ಹಳೇದಾಯ್ತು ಅಂತ ಹೇಳಿದ್ರು, ಒಡೆಯಲ್ಲ, ಆದ್ರೂ ಕೈ ಹಾಕಿದಾಗ ಲೇಔಟ್ ಒಳಗಿನ ಬಿಲ್ಡ್ ಡೈರೆಕ್ಟರಿಗೆ ಬದಲಾಯಿಸ್ಬಿಡಿ. ಬಿಲ್ಡ್ ಡಿರ್ ಬಿಟ್ಟು ಉಳಿದಿದ್ದೆಲ್ಲಾ 7.6ರಲ್ಲಿ ನಿಂತು ವಾರ್ನಿಂಗ್ ಓದಿದ್ರೆ ಐದೈದು ನಿಮಿಷದ್ದು.

ಐದು ನಿಮಿಷದಲ್ಲಿ ಮುಗೀದೇ ಇರೋದು ಟಾಸ್ಕ್‌ಗಳ ನಡುವಿನ ಸಂಬಂಧದ್ದು. 'ಈ ಟಾಸ್ಕ್ ಆ ಟಾಸ್ಕಿನ ಔಟ್‌ಪುಟ್ ಬಳಸ್ತಿದೆ, ಆದ್ರೆ ಡಿಪೆಂಡೆನ್ಸಿ ಡಿಕ್ಲೇರ್ ಮಾಡಿಲ್ಲ' ಅನ್ನೋ ಉದ್ದದ ಎರರ್, 7ರಲ್ಲಿ ವಾರ್ನಿಂಗ್ ಆಗಿತ್ತು, 8ರಲ್ಲಿ ನಿಲ್ಸೇಬಿಡುತ್ತೆ. ಉದಾಹರಣೆಗೆ ಯಾರೋ ಒಂದು ಟಾಸ್ಕ್ ಬರೆದಿರ್ತಾರೆ, ಒಂದು ಜೇಸನ್ ಫೈಲಿಂದ ಕೋಡ್ ಜನರೇಟ್ ಮಾಡಿ ಬಿಲ್ಡ್ ಫೋಲ್ಡರಲ್ಲಿ ಇಡೋಕೆ, ಕಂಪೈಲ್ ಟಾಸ್ಕ್ ಆ ಫೋಲ್ಡರನ್ನ ಓದುತ್ತೆ, ಆದ್ರೆ ಇದು ಮೊದಲು ಅದು ಆಮೇಲೆ ಅಂತ ಎಲ್ಲೂ ಹೇಳಿರಲ್ಲ. ಹಳೇ ದಿನಗಳಲ್ಲಿ ಅದೃಷ್ಟದ ಮೇಲೆ ಸರಿಯಾದ ಕ್ರಮದಲ್ಲಿ ಓಡ್ತಿತ್ತು. ಒಮ್ಮೊಮ್ಮೆ ಕ್ಲೀನ್ ಮಾಡಿದ್ಮೇಲೆ ಮೊದಲನೇ ಬಿಲ್ಡ್ ಬಿದ್ದು ಎರಡನೇದು ಪಾಸಾಗೋದು ನೋಡಿದೀರಾ? ಕಾರಣ ಇಂಥದ್ದೇ. ಇದಕ್ಕೆ ಡಿಪೆಂಡ್ಸ್ ಆನ್ ಅಂತ ಒಂದು ಸಾಲು ಹಾಕಿದ್ರೆ ಎರರ್ ಹೋಗುತ್ತೆ, ಆದ್ರೆ ಸರಿಯಾದ ದಾರಿ ಫೋಲ್ಡರ್ ಪಾತನ್ನ ಸ್ಟ್ರಿಂಗ್ ಆಗಿ ಬರೆಯೋ ಬದಲು ಜನರೇಟ್ ಟಾಸ್ಕನ್ನೇ ಸೋರ್ಸ್ ಆಗಿ ಕೊಡೋದು, ಆಗ ಯಾರ ಔಟ್‌ಪುಟ್ ಯಾರಿಗೆ ಹೋಗುತ್ತೆ ಅಂತ ಗ್ರೇಡಲ್ ತಾನೇ ಲೆಕ್ಕ ಹಾಕ್ಕೊಳುತ್ತೆ. ಬೇಜಾರಾದ್ರೂ ಹಾಗೇ ಮಾಡಿ.

ಎಜಿಪಿ 8 ಬದಲಾಯಿಸಿದ ಡೀಫಾಲ್ಟ್‌ಗಳು ಬೇರೆ ಕಥೆ. ಪ್ರತಿ ಮಾಡ್ಯೂಲಿಗೂ ಅದ್ರಲ್ಲಿ ಜನರೇಟ್ ಆಗೋ ಕ್ಲಾಸ್‌ಗಳ ಪ್ಯಾಕೇಜ್ ಹೆಸರು, ಅಂದ್ರೆ ನೇಮ್‌ಸ್ಪೇಸ್ ಬಿಲ್ಡ್ ಫೈಲಲ್ಲಿ ಬರೀಬೇಕು, ಮ್ಯಾನಿಫೆಸ್ಟ್ ಒಳಗಿನ ಪ್ಯಾಕೇಜ್ ನಡೆಯಲ್ಲ. ಅಪ್ಲಿಕೇಶನ್ ಐಡಿ ಬೇರೆ ನೇಮ್‌ಸ್ಪೇಸ್ ಬೇರೆ, ನೇಮ್‌ಸ್ಪೇಸ್ ಸರಿ ಮಾಡೋ ಭರದಲ್ಲಿ ಅಪ್ಲಿಕೇಶನ್ ಐಡಿ ಬದಲಾಯಿಸಿದ್ರೆ ಸ್ಟೋರ್ ಅದನ್ನ ಬೇರೆ ಆಪ್ ಅಂತಲೇ ನೋಡುತ್ತೆ, ಅದಕ್ಕೆ ಮಾತ್ರ ಕೈ ಹಾಕ್ಬೇಡಿ. ಬಿಲ್ಡ್ ಕಾನ್ಫಿಗ್ ಕ್ಲಾಸ್ ಇನ್ಮೇಲೆ ತಾನಾಗೇ ಹುಟ್ಟಲ್ಲ, ಬೇಕಾದ ಮಾಡ್ಯೂಲಲ್ಲಿ ಬಿಲ್ಡ್ ಫೀಚರ್ಸ್ ಒಳಗೆ ಆನ್ ಮಾಡ್ಬೇಕು. ಜಾವಾ ಕೋಡಲ್ಲಿ ಸ್ವಿಚ್ ಹಾಕಿ ಕೇಸಲ್ಲಿ ರಿಸೋರ್ಸ್ ಐಡಿ ಬರೆದಿದ್ರೆ 'ಕಾನ್‌ಸ್ಟೆಂಟ್ ಎಕ್ಸ್‌ಪ್ರೆಶನ್ ಬೇಕು' ಅಂತ ಬೀಳುತ್ತೆ, ಐಡಿಗಳು ಈಗ ಫೈನಲ್ ಅಲ್ಲ, ಇಫ್ ಎಲ್ಸ್ ಮಾಡ್ಬೇಕು, ಸ್ಟುಡಿಯೋನೇ ಆಲ್ಟ್ ಎಂಟರಲ್ಲಿ ಮಾಡಿಕೊಡುತ್ತೆ. ಬೇರೆ ಮಾಡ್ಯೂಲಿನ ರಿಸೋರ್ಸನ್ನ ನಿಮ್ಮ ಆರ್ ಕ್ಲಾಸ್ (ರಿಸೋರ್ಸ್ ಐಡಿಗಳ ಪಟ್ಟಿ) ಮೂಲಕ ತಗೊಳ್ತಿದ್ರೆ ಅದೂ ಸಿಗಲ್ಲ, ಆ ಮಾಡ್ಯೂಲಿನ ಆರ್ ಕ್ಲಾಸನ್ನೇ ಕರೀಬೇಕು. ಇವುಗಳಲ್ಲಿ ಕೆಲವನ್ನ ಗ್ರೇಡಲ್ ಪ್ರಾಪರ್ಟೀಸಲ್ಲಿ ಹಳೇ ಥರ ಇಡೋಕೆ ಫ್ಲ್ಯಾಗ್ ಇದೆ, ಸ್ಟುಡಿಯೋದ ಅಪ್‌ಗ್ರೇಡ್ ಅಸಿಸ್ಟೆಂಟ್ ಬಳಸಿದ್ರೆ ಅದೇ ಆ ಸಾಲುಗಳನ್ನ ಸೇರಿಸುತ್ತೆ. ದಾಟೋಕೆ ಊರುಗೋಲು ಅಂತ ಇಟ್ಕೊಳಿ, ತಪ್ಪಿಲ್ಲ, ಆಮೇಲೆ ಒಂದೊಂದೇ ತೆಗೀರಿ.

ಮೇಲೆ ಹೇಳಿದ್ದೆಲ್ಲಾ ಬಿಲ್ಡ್ ಹೊತ್ತಲ್ಲೇ ಬೀಳುತ್ತೆ, ಕಣ್ಣಿಗೆ ಕಾಣುತ್ತೆ, ಹಾಗಾಗಿ ನನಗೆ ಅದ್ರ ಭಯ ಇಲ್ಲ. ಭಯ ಇರೋದು, ಬೇಡದ ಕೋಡ್ ಕತ್ತರಿಸಿ ಆಪ್ ಚಿಕ್ಕದು ಮಾಡೋ ಆರ್8 ಅನ್ನೋ ಟೂಲಿನ ಫುಲ್ ಮೋಡಿಂದ. ಎಜಿಪಿ 8ರಿಂದ ಇದು ಡೀಫಾಲ್ಟ್. ಬಿಲ್ಡ್ ಹಸಿರು, ಟೆಸ್ಟ್ ಹಸಿರು, ಡೀಬಗ್ ಆಪ್ ಚೆನ್ನಾಗಿ ಓಡುತ್ತೆ, ಯಾಕಂದ್ರೆ ಸಾಮಾನ್ಯವಾಗಿ ಡೀಬಗ್ಗಲ್ಲಿ ಮಿನಿಫೈ (ಈ ಕತ್ತರಿಸೋ ಕೆಲಸ) ಆನ್ ಇರಲ್ಲ, ರಿಲೀಸಲ್ಲಿ ಮಾತ್ರ ಸಾಯುತ್ತೆ. ನಾನು ಒಂದ್ಸಲ ಇದ್ರಲ್ಲಿ ಚೆನ್ನಾಗೇ ಏಟು ತಿಂದಿದೀನಿ. ಕೆಲಸ ಮಾಡ್ತಿದ್ದ ಕಡೆ ಅಪ್‌ಗ್ರೇಡ್ ಮುಗಿಸಿ, ಎಲ್ಲಾ ಡೀಬಗ್ಗಲ್ಲೇ ನೋಡಿ, ರಿಲೀಸ್ ಬಿಟ್ವಿ. ಲಾಗಿನ್ ಆಗುತ್ತೆ, ಮೊದಲನೇ ಸ್ಕ್ರೀನ್ ಬರುತ್ತೆ, ಲಿಸ್ಟ್ ಲೋಡ್ ಮಾಡುವಾಗ ಢಮಾರ್. 'ಕ್ಲಾಸನ್ನ ಪ್ಯಾರಾಮೀಟರೈಸ್ಡ್ ಟೈಪ್ ಆಗಿ ಕಾಸ್ಟ್ ಮಾಡಕ್ಕಾಗಲ್ಲ' ಅಂತ ಲಾಗು. ಸರ್ವರ್ ಟೀಮ್ ಮೇಲೆ ಅರ್ಧ ದಿನ ಅನುಮಾನ ಪಟ್ವಿ, ಪಾಪ ಅವರದ್ದೇನೂ ತಪ್ಪಿರ್ಲಿಲ್ಲ.

ಆಗಿದ್ದೇನಂದ್ರೆ, ಹಳೇ ಕಂಪ್ಯಾಟ್ ಮೋಡಲ್ಲಿ ಒಂದು ಕ್ಲಾಸನ್ನ ಉಳಿಸು ಅಂತ ರೂಲ್ ಬರೆದ್ರೆ ಆರ್8 ಅದ್ರ ಡೀಫಾಲ್ಟ್ ಕನ್‌ಸ್ಟ್ರಕ್ಟರನ್ನೂ ತಾನಾಗೇ ಉಳಿಸ್ತಿತ್ತು, ಸಿಗ್ನೇಚರ್ ಮಾಹಿತಿ (ಲಿಸ್ಟ್ ಒಳಗಿರೋದು ಯಾವ ಟೈಪ್ ಅನ್ನೋ ಥರದ್ದು) ಉಳಿಸು ಅಂದ್ರೆ ಎಲ್ಲಾ ಕ್ಲಾಸಿಗೂ ಉಳಿಸ್ತಿತ್ತು. ಫುಲ್ ಮೋಡಲ್ಲಿ ಈ ಔದಾರ್ಯ ಇಲ್ಲ. ಕನ್‌ಸ್ಟ್ರಕ್ಟರ್ ಬೇಕಾದ್ರೆ ನೀವೇ ಬರೀಬೇಕು, ಸಿಗ್ನೇಚರ್ ಆಗ್ಲಿ ಆನೊಟೇಶನ್ ಆಗ್ಲಿ ಯಾವುದಾದ್ರೂ ಕೀಪ್ ರೂಲಿಗೆ ಹೊಂದೋ ಕ್ಲಾಸಲ್ಲಿ ಮಾತ್ರ ಉಳಿಯುತ್ತೆ. ಸರ್ವರ್ ಜೊತೆ ಮಾತಾಡೋ ಲೈಬ್ರರಿ ರೆಟ್ರೋಫಿಟ್‌ನಲ್ಲಿ ಸಸ್ಪೆಂಡ್ ಫಂಕ್ಷನ್ ಬರೆದಾಗ ರಿಟರ್ನ್ ಟೈಪ್ ಯಾವುದು ಅನ್ನೋದನ್ನ ಅದು ಓದೋದು ಕಂಟಿನ್ಯುಯೇಶನ್ ಕ್ಲಾಸಿನ ಜೆನೆರಿಕ್ ಸಿಗ್ನೇಚರಿಂದ, ಅದು ಅಳಿಸಿಹೋದ್ರೆ ರೆಟ್ರೋಫಿಟ್ ಕುರುಡು. ಪರಿಹಾರ ರೆಟ್ರೋಫಿಟ್‌ನ ಕಾಲ್ ಮತ್ತೆ ರೆಸ್ಪಾನ್ಸ್, ಕೋಟ್ಲಿನ್‌ನ ಕಂಟಿನ್ಯುಯೇಶನ್, ಈ ಮೂರಕ್ಕೂ ಹೆಸರು ಬದಲಾದ್ರೂ ಪರವಾಗಿಲ್ಲ, ಸಿಗ್ನೇಚರ್ ಮಾತ್ರ ಇರ್ಲಿ ಅನ್ನೋ ಥರ ಕೀಪ್ ರೂಲ್ ಹಾಕೋದು. ಈಚಿನ ವರ್ಷನ್‌ಗಳಲ್ಲಿ ಲೈಬ್ರರಿನೇ ಈ ರೂಲ್ ತರುತ್ತೆ, ನಿಮ್ಮದು ಹಳೇದಾದ್ರೆ ಏರಿಸೋದೇ ಒಳ್ಳೇದು.

ಜೇಸನ್ ಓದೋ ಲೈಬ್ರರಿ ಜಿಸಾನ್ ಬಳಸ್ತಿದ್ರೆ ಇನ್ನೊಂದು ಪೇಚು. ಜಿಸಾನ್ ನಿಮ್ಮ ಡೇಟಾ ಕ್ಲಾಸನ್ನ ರಿಫ್ಲೆಕ್ಷನ್ ಮೂಲಕ, ಅಂದ್ರೆ ಆಪ್ ಓಡುವಾಗ ಕ್ಲಾಸನ್ನ ಒಳಹೊಕ್ಕು ನೋಡಿ, ಸೃಷ್ಟಿ ಮಾಡುತ್ತೆ, ಕೋಡಲ್ಲಿ ಎಲ್ಲೂ ನೇರವಾಗಿ ಆ ಕ್ಲಾಸಿನ ಆಬ್ಜೆಕ್ಟ್ ಮಾಡಿರಲ್ಲ. ಆರ್8 ನೋಡುತ್ತೆ, ಈ ಕ್ಲಾಸನ್ನ ಯಾರೂ ಸೃಷ್ಟಿಸ್ತಿಲ್ಲ, ಅಂದ್ಮೇಲೆ ಈ ವೇರಿಯಬಲ್ ಯಾವಾಗ್ಲೂ ನಲ್ (ಖಾಲಿ) ಆಗೇ ಇರ್ಬೇಕು ಅಂತ ತೀರ್ಮಾನ ಮಾಡಿ ಮುಂದಿನ ಕೋಡನ್ನೇ ಕತ್ತರಿಸ್ಬಿಡುತ್ತೆ. ಅದ್ರ ಲೆಕ್ಕದಲ್ಲಿ ಅದು ಸರಿ. ಇಂಥಾ ಮಾಡೆಲ್ ಕ್ಲಾಸೆಲ್ಲಾ ಒಂದು ಪ್ಯಾಕೇಜಲ್ಲಿ ಇದ್ರೆ ಆ ಪ್ಯಾಕೇಜಿಗೆ ಫೀಲ್ಡ್ ಮತ್ತೆ ಕನ್‌ಸ್ಟ್ರಕ್ಟರ್ ಸಮೇತ ಕೀಪ್ ಹಾಕಿ. ಚದುರಿಹೋಗಿದ್ರೆ ಈಗ ಒಟ್ಟು ಮಾಡಿ. ಫುಲ್ ಮೋಡನ್ನ ಆಫ್ ಮಾಡೋ ಪ್ರಾಪರ್ಟಿ ಇದೆ, ಸ್ಟೋರ್ ಗಡುವು ಹತ್ರ ಇದ್ರೆ ಈ ರಿಲೀಸಿಗೆ ಆಫ್ ಇಟ್ಕೊಂಡು ಹೋಗಿ, ಅದಕ್ಕೆ ನಾನು ಬೈಯಲ್ಲ. ಅವತ್ತು ನಾವೂ ಅದನ್ನೇ ಮಾಡಿದ್ದು.

ಒಟ್ನಲ್ಲಿ ಪ್ರತಿ ಮೆಟ್ಟಿಲಲ್ಲೂ ರಿಲೀಸ್ ಬಿಲ್ಡನ್ನೇ ಫೋನಿಗೆ ಹಾಕಿ ಆಪಿನ ಎಲ್ಲಾ ಸ್ಕ್ರೀನ್ ಮುಟ್ಟಿ ನೋಡ್ಬೇಕು. ಜೊತೆಗೆ ಶುರು ಮಾಡೋ ಮೊದಲು ಎರಡು ವಸ್ತು ಎತ್ತಿಟ್ಕೊಳಿ: ಹಳೇ ಬಿಲ್ಡಿನ ಡಿಪೆಂಡೆನ್ಸಿ ಟ್ರೀ ಒಂದು ಟೆಕ್ಸ್ಟ್ ಫೈಲಲ್ಲಿ, ಹಳೇ ರಿಲೀಸ್ ಎಪಿಕೆ. ಮುಗಿದ್ಮೇಲೆ ಹೊಸ ಟ್ರೀ ತೆಗೆದು ಡಿಫ್ ನೋಡಿ, ನೀವು ಮುಟ್ಟದ ಲೈಬ್ರರಿ ವರ್ಷನ್ ತಾನಾಗೇ ಏರಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ. ಎಪಿಕೆ ಅನಲೈಸರಲ್ಲಿ ಎರಡನ್ನ ಹೋಲಿಸಿದ್ರೆ ಸೈಜ್ ಎಲ್ಲಿ ಬದಲಾಯ್ತು, ಮ್ಯಾನಿಫೆಸ್ಟಲ್ಲಿ ಹೊಸ ಪರ್ಮಿಶನ್ ಏನಾದ್ರೂ ನುಸುಳ್ತಾ ಅಂತ ಗೊತ್ತಾಗುತ್ತೆ.

ಕೋಟ್ಲಿನ್ ಬಗ್ಗೆ ಎರಡು ಮಾತು. ವ್ಯೂ ಐಡಿನೇ ವೇರಿಯಬಲ್ ಥರ ಬಳಸೋ ಸಿಂಥೆಟಿಕ್ಸ್ ನಿಮ್ಮ ಕೋಡಲ್ಲಿ ಇದ್ರೆ, ಆ ಪ್ಲಗಿನ್ ಕೋಟ್ಲಿನ್ 1.8ರಲ್ಲಿ ಹೋಗಿದೆ, ವ್ಯೂ ಬೈಂಡಿಂಗ್‌ಗೆ ಬದಲಾಗ್ಲೇಬೇಕು. ಇದು ನಿಮ್ಮ ಇಡೀ ಅಪ್‌ಗ್ರೇಡಲ್ಲಿ ಅತಿ ಹೆಚ್ಚು ಸಮಯ ತಿನ್ನೋ ಭಾಗ ಆಗ್ಬಹುದು, ಹಾಗಾಗಿ ಗ್ರೇಡಲ್ ಮುಟ್ಟೋ ಮೊದಲೇ, ಹಳೇ ವರ್ಷನ್ ಮೇಲೇ ಕೂತು ಇದನ್ನ ಮುಗಿಸ್ಕೊಳಿ, ವ್ಯೂ ಬೈಂಡಿಂಗ್ ಎಜಿಪಿ 4.2ರಲ್ಲೂ ಇದೆ. ಎರಡನೇದು, 'ಜೆವಿಎಮ್ ಟಾರ್ಗೆಟ್ ಹೊಂದ್ತಿಲ್ಲ, ಜಾವಾ ಟಾಸ್ಕ್ 1.8 ಕೋಟ್ಲಿನ್ ಟಾಸ್ಕ್ 17' ಅನ್ನೋ ಎರರ್. ಜಾವಾ ಕಡೆ ಕಂಪೈಲ್ ಆಪ್ಶನ್ಸಲ್ಲಿ ಒಂದು ಹೇಳಿ ಕೋಟ್ಲಿನ್ ಕಡೆ ಏನೂ ಹೇಳ್ದೆ ಬಿಟ್ರೆ ಅದು ಓಡ್ತಿರೋ ಜೆಡಿಕೆ ಹಿಡ್ಕೊಳುತ್ತೆ. ಎರಡೂ ಕಡೆ ಒಂದೇ ನಂಬರ್ ಬರೀರಿ, ಏಳೂ ಮಾಡ್ಯೂಲಲ್ಲಿ.

ಕೊನೇದು ಅನಾಥ ಪ್ಲಗಿನ್‌ಗಳು. ಐದಾರು ವರ್ಷದಿಂದ ಯಾರೂ ಅಪ್‌ಡೇಟ್ ಮಾಡದ ಪ್ಲಗಿನ್ ಒಂದಾದ್ರೂ ಇರುತ್ತೆ ನಿಮ್ಮಲ್ಲಿ, ಅದು ಕಂಪೈಲ್ ಆದ ಕೋಡ್ ತಿದ್ದೋಕಿದ್ದ ಟ್ರಾನ್ಸ್‌ಫಾರ್ಮ್ ಎಪಿಐ ಬಳಸ್ತಿದ್ರೆ ಎಜಿಪಿ 8ರಲ್ಲಿ ಆ ಎಪಿಐನೇ ಇಲ್ಲ, ಯಾವ ಫ್ಲ್ಯಾಗೂ ಕಾಪಾಡಲ್ಲ. ಹಾಗಾಗಿ ಕೆಲಸ ಶುರು ಮಾಡೋ ಮೊದಲನೇ ದಿನವೇ ಪ್ಲಗಿನ್‌ಗಳ ಪಟ್ಟಿ ಮಾಡಿ ಒಂದೊಂದ್ರದ್ದೂ ಕೊನೇ ರಿಲೀಸ್ ಯಾವಾಗ, ಎಜಿಪಿ 8 ಜೊತೆ ಓಡುತ್ತಾ ಅಂತ ನೋಡಿ. ಓಡಲ್ಲ ಅಂದ್ರೆ ಅದು ನಿಜವಾಗ್ಲೂ ಮಾಡ್ತಿದ್ದ ಕೆಲಸ ಏನು ಅಂತ ಕೇಳ್ಕೊಳಿ, ನನ್ನ ಅನುಭವದಲ್ಲಿ ಸುಮಾರು ಸಲ 'ಎಪಿಕೆ ಹೆಸರು ಬದಲಾಯಿಸೋದು' ಥರದ ಹತ್ತು ಸಾಲಿನ ಕೆಲಸ, ಕಿತ್ತು ಬಿಸಾಕಿ ನೀವೇ ಬರ್ಕೋಬಹುದು. ಗ್ರೇಡಲ್ 9 ಬಂದಿದೆಯಲ್ಲಾ ಅದಕ್ಕೇ ಹೋಗ್ಬಿಡ್ಲಾ ಅಂತ ಈಗ ಕೇಳ್ಬೇಡಿ. 8ರಲ್ಲಿ ವಾರ್ನಿಂಗ್ ಸೊನ್ನೆ ಆಗ್ಲಿ, ಒಂದೆರಡು ರಿಲೀಸ್ ಹೋಗ್ಲಿ, ಆಮೇಲೆ ನೋಡೋಣ. ಮೊದಲು 6.9ಕ್ಕೆ ಹೋಗಿ ವಾರ್ನಿಂಗ್ ಎಷ್ಟು ಬಂತು ಅಂತ ಬರೀರಿ, ಅದ್ರಲ್ಲಿ ಯಾವುದಾದ್ರೂ ಅರ್ಥ ಆಗದಿದ್ರೆ ಪೂರ್ತಿ ಸಾಲು ಹಾಕಿ ಕಳಿಸಿ, ಅರ್ಧ ಸ್ಕ್ರೀನ್‌ಶಾಟ್ ಬೇಡ.